ಮುಳ್ಳು ತೆಗೆದ ಎಲೆ: ಟೊಕೆಲಾವ್ ಜನರ ನೇಯ್ದ ಉಡುಗೆಯ ಕತೆ

ಕಳೆದ ಅಕ್ಟೋಬರಿನ ಒಂದು ಶನಿವಾರ ಸಂಜೆ. ವೆಲ್ಲಿಂಗ್ಟನ್ ಪಕ್ಕದ ಪೊರಿರುವಾ ಎಂಬ ಊರಿನ ಸಮುದಾಯ ಭವನದಲ್ಲಿ ನೋಟ್‌ಬುಕ್ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದೆ. ಹೊರಗೆ ಚಳಿಗಾಳಿ. ಒಳಗೆ ಹತ್ತು ಹನ್ನೆರಡು ಹೆಂಗಸರು ನೆಲದ ಮೇಲೆ ಚಾಪೆ ಹಾಸಿ, ಕಾಲು ಚಾಚಿ, ಸೊಂಟಕ್ಕೆ ಕಟ್ಟುವ ಎಲೆಯ ಉಡುಗೆಗಳನ್ನು ರಿಪೇರಿ ಮಾಡುತ್ತಿದ್ದರು. ಮುಂದಿನ ವಾರ ಟೊಕೆಲಾವ್ ಭಾಷಾ ಸಪ್ತಾಹ. ಮಕ್ಕಳ ಕುಣಿತವಿದೆ. ನಾನು ವಲಸೆ ಸಮುದಾಯಗಳ ಉಡುಪಿನ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿರುವುದರಿಂದ 'ನೋಡಿ ಬರೆದುಕೊಳ್ಳಲು' ಅನುಮತಿ ಕೇಳಿ ಹೋಗಿದ್ದೆ.

ಅರ್ಧ ಗಂಟೆ ಬರೆದಿರಬೇಕು. ಗುಂಪಿನ ಹಿರಿಯಜ್ಜಿ ನನ್ನನ್ನು ನೋಡಿ, 'ಬರೆದಿದ್ದು ಸಾಕು, ಇಲ್ಲಿ ಕೈ ಕಡಿಮೆಯಿದೆ' ಎಂದು ಒಣ ಎಲೆಯ ಒಂದು ಸುರುಳಿಯನ್ನು ನನ್ನ ಮಡಿಲಿಗೆ ಹಾಕಿದರು. ಅದನ್ನು ಬಿಚ್ಚಿದ ಕೂಡಲೇ ಒಂದು ವಾಸನೆ ಬಂತು. ಒಣಹುಲ್ಲಿನದೂ ಅಲ್ಲ, ತೆಂಗಿನ ಗರಿಯದೂ ಅಲ್ಲ. ಎಲ್ಲೋ ಗೊತ್ತಿರುವ ವಾಸನೆ. ಎಲೆಯ ಎರಡೂ ಅಂಚಿನ ಮೇಲೆ ಬೆರಳಾಡಿಸಿದೆ. ಮುಳ್ಳು ತೆಗೆದಿದ್ದರು. ಆಗ ಗೊತ್ತಾಯಿತು, ಇದು ನಮ್ಮ ಮುಂಡೇವು.

ಉಡುಪಿ, ಮಂಗಳೂರು ಕಡೆಯವರಿಗೆ ಮುಂಡೇವು ಎಂದರೆ ವಿವರಿಸಬೇಕಿಲ್ಲ. ಕೇದಗೆಯ ಜಾತಿಯ ಗಿಡ. ಹಳ್ಳದ ಬದಿಯಲ್ಲಿ, ತೋಡಿನ ಅಂಚಿನಲ್ಲಿ ಪೊದೆಯಾಗಿ ಬೆಳೆಯುತ್ತದೆ. ಅಷ್ಟಮಿಯ ಹಿಂದಿನ ದಿನ ನನ್ನಜ್ಜಿ ಅದರ ಎಲೆ ಕೊಯ್ದು ತಂದು, ಅಂಚಿನ ಮತ್ತು ಬೆನ್ನಿನ ಮುಳ್ಳನ್ನು ಚೂರಿಯಿಂದ ಎಳೆದು ತೆಗೆದು, ಬೆಂಕಿಯ ಮೇಲೆ ಬಾಡಿಸಿ, ಸುರುಳಿ ಸುತ್ತಿ ಮೂಡೆ ಕಟ್ಟುತ್ತಿದ್ದರು. ಅದರೊಳಗೆ ಹಿಟ್ಟು ಸುರಿದು ಬೇಯಿಸಿದರೆ ಆ ಪರಿಮಳದ ಮೂಡೆ ಕಡುಬು. ಎಲೆಯಿಂದ ಚಾಪೆ ನೇಯುವವರೂ ಇದ್ದರು. ನನ್ನ ಪಾಲಿಗೆ ಬರುತ್ತಿದ್ದುದು ಮುಳ್ಳು ತೆಗೆಯುವ ಕೆಲಸ ಮಾತ್ರ. ಅಷ್ಟನ್ನೇ ನಾನು ಕಲಿತದ್ದು.

'ನಮ್ಮೂರಲ್ಲೂ ಈ ಎಲೆ ಇದೆ' ಎಂದೆ. ಅಜ್ಜಿ ಕತ್ತೆತ್ತದೆ ಕೇಳಿದರು: 'ಹೌದಾ, ಯಾವ ದ್ವೀಪ ನಿನ್ನದು?'

ಟೊಕೆಲಾವ್ ಎಲ್ಲಿದೆ ಎಂದು ಕೇಳಿದರೆ ಇಲ್ಲಿ ಬರುವ ಮೊದಲು ನನಗೂ ಗೊತ್ತಿರಲಿಲ್ಲ. 'ಮೋವಾನಾ' ಸಿನಿಮಾ ನೋಡಿದವರು ಆ ನುಡಿಯನ್ನು ತಮಗೆ ತಿಳಿಯದೆಯೇ ಕೇಳಿರುತ್ತಾರೆ. ಅದರ ಹಾಡುಗಳಲ್ಲಿ ಕೈಜೋಡಿಸಿದ ಒಪೆತಾಯಿಯಾ ಫೊಆಯಿ ಅವರ ಕುಟುಂಬದ ಬೇರು ಟೊಕೆಲಾವ್ ಮತ್ತು ತುವಾಲುವಿನಲ್ಲಿದೆ. ನಕಾಶೆಯಲ್ಲಿ ಹುಡುಕುವುದಾದರೆ ಸಮೋವಾದಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್. ಅತಾಫು, ನುಕುನೊನು, ಫಕಾಒಫೊ ಎಂಬ ಮೂರು ಹವಳದ ದಿಬ್ಬಗಳು. ಒಟ್ಟು ನೆಲ ಸುಮಾರು 12 ಚದರ ಕಿಲೋಮೀಟರ್. ಸಮುದ್ರ ಮಟ್ಟದಿಂದ ಅತಿ ಎತ್ತರದ ಜಾಗವೂ ಕೆಲವೇ ಮೀಟರ್. ವಿಮಾನ ನಿಲ್ದಾಣವಿಲ್ಲ, ಸಮೋವಾದ ಆಪಿಯಾದಿಂದ ಹಡಗು ಹತ್ತಿ ಒಂದು ದಿನಕ್ಕಿಂತ ಹೆಚ್ಚು ಸಾಗಬೇಕು. ಅಲ್ಲಿರುವವರು ಸುಮಾರು 1,500 ಜನ. ನ್ಯೂಜಿಲೆಂಡಿನ 2018ರ ಜನಗಣತಿಯಲ್ಲಿ ತಮ್ಮನ್ನು ಟೊಕೆಲಾವ್ ಮೂಲದವರು ಎಂದು ಬರೆಸಿದವರು 8,676. ಊರಲ್ಲಿ ಒಬ್ಬರಿದ್ದರೆ ಹೊರಗೆ ಐದಕ್ಕೂ ಹೆಚ್ಚು ಜನ. ಈ ಅನುಪಾತವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಸಂಜೆಯ ಎಲೆಯ ಸುರುಳಿಗೆ ಎಷ್ಟು ಬೆಲೆಯಿದೆ ಎಂದು ತಿಳಿಯುತ್ತದೆ.

ಹವಳದ ನೆಲದಲ್ಲಿ ಮಣ್ಣು ಅತ್ಯಲ್ಪ. ಸಮೋವಾ, ಟೊಂಗಾಗಳಂತಹ ದೊಡ್ಡ ದ್ವೀಪಗಳಲ್ಲಿ ಒಂದು ಜಾತಿಯ ಹಿಪ್ಪುನೇರಳೆ ಗಿಡದ ತೊಗಟೆಯನ್ನು ಬಡಿದು ಬಡಿದು ಬಟ್ಟೆ ಮಾಡುತ್ತಿದ್ದರು. ಆ ಗಿಡಕ್ಕೆ ಬೇಕಾದ ಮಣ್ಣು ಈ ದಿಬ್ಬಗಳಲ್ಲಿಲ್ಲ. ಇಲ್ಲಿ ಧಾರಾಳವಾಗಿ ಬೆಳೆಯುವುದು ಎರಡೇ: ತೆಂಗು ಮತ್ತು ಕೇದಗೆ. ಹಾಗಾಗಿ ಇಲ್ಲಿನವರ ಬಟ್ಟೆ ಎಂದರೆ ನೇಯ್ದ ಎಲೆ. ಹಾಸುವುದು ಎಲೆ, ಹೊದೆಯುವುದು ಎಲೆ, ಬೀಸಣಿಗೆ ಎಲೆ, ಟೋಪಿ ಎಲೆ, ದೋಣಿಯ ಹಾಯಿ ಕೂಡ ಎಲೆಯ ಚಾಪೆ.

ನೇಯುವುದಕ್ಕೆ ಅವರ ಪದ 'ಲಲಙ'. ನಾವು ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲಿಯೂ ಬಳಸದೆ ಬಿಟ್ಟ ಙ ಅಕ್ಷರ ಇವರ ನುಡಿಯಲ್ಲಿ ದಿನಬಳಕೆಯದು. ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಅದು ಬರೀ 'ಗ' ಆಗಿ ಕಾಣುತ್ತದೆ, ಓದುವ ಹೊರಗಿನವರು 'ಲಲಗ' ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಮಾತ್ರ ಸರಿಯಾಗಿ ಬರೆಯಬಹುದು ಎಂದು ಆ ಹೆಂಗಸರಿಗೆ ಹೇಳಿದಾಗ, ಅವರಲ್ಲೊಬ್ಬರು ನನ್ನ ನೋಟ್‌ಬುಕ್ಕಿನ ಆ ಅಕ್ಷರವನ್ನು ಬೆರಳಿನಿಂದ ತಿದ್ದಿ ನೋಡಿ ನಕ್ಕರು. ನಯವಾಗಿ ನೇಯ್ದ ಚಾಪೆಗೆ 'ಕಿಯೆ' ಎಂಬ ಹೆಸರು. ಹತ್ತಿಯ ಬಟ್ಟೆ ಬಂದ ಮೇಲೆ ಅದಕ್ಕೂ ಅದೇ ಪದ. ವಸ್ತು ಬದಲಾಯಿತು, ಪದ ಉಳಿಯಿತು.

ಎಲೆ ಹದ ಮಾಡುವ ಕ್ರಮ ಪೆಸಿಫಿಕ್‌ನಲ್ಲಿ ಹೆಚ್ಚುಕಡಿಮೆ ಒಂದೇ. ಕೊಯ್ದು, ಮುಳ್ಳು ತೆಗೆದು, ಕೆಲವು ಕಡೆ ಕುದಿಸಿ, ಕೆಲವು ಕಡೆ ಸಮುದ್ರದ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕುತ್ತಾರೆ. ಬಿಳಿಚಿಕೊಂಡ ಎಲೆಯನ್ನು ಉಜ್ಜಿ ಮೆದು ಮಾಡಿ ಸುರುಳಿ ಸುತ್ತಿಡುತ್ತಾರೆ. ನೇಯುವಾಗ ಅದನ್ನು ಬೇಕಾದ ಅಗಲಕ್ಕೆ ಸೀಳುತ್ತಾರೆ. ಎಳೆ ಸಣ್ಣದಾದಷ್ಟೂ ನೇಯ್ಗೆ ನಯ, ದಿನ ಜಾಸ್ತಿ. ಮಗ್ಗ ಇಲ್ಲ, ಸೂಜಿ ಇಲ್ಲ. ಬೆರಳುಗಳಷ್ಟೇ.

ಹೀಗೆ ನೇಯ್ದ ಕಿರಿದಾದ ಚಾಪೆಯನ್ನು ಗಂಡಸರು ನಡುವಿಗೆ ಬಿಗಿದು ಉಡುತ್ತಿದ್ದರು. ಅದು 'ಮಾಲೊ'. ಹೆಂಗಸರು ಸೊಂಟದಿಂದ ಇಳಿಬಿಟ್ಟ ಎಲೆಯ ಲಂಗ ತೊಡುತ್ತಿದ್ದರು. ಅದು 'ತಿತಿ'. ಮನುಷ್ಯರಿಗೆ ಮಾತ್ರವಲ್ಲ, ದೇವರಿಗೂ ಇದೇ ಉಡುಗೆ. ಫಕಾಒಫೊದಲ್ಲಿ ತುಯಿ ಟೊಕೆಲಾವ್ ಎಂಬ ದೇವರನ್ನು ಒಂದು ಹವಳದ ಕಲ್ಲಿನಲ್ಲಿ ಕಾಣುತ್ತಿದ್ದರು. ಆ ಕಲ್ಲಿಗೆ ನೇಯ್ದ ಚಾಪೆಗಳನ್ನು ಸುತ್ತುತ್ತಿದ್ದರು. ನಮ್ಮಲ್ಲಿ ದೇವರಿಗೆ ಸೀರೆ ಉಡಿಸುವುದನ್ನು ನೋಡಿ ಬೆಳೆದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು.

ಇದೆಲ್ಲ ಹೊರಗಿನವರ ಬರಹಕ್ಕೆ ಬಂದದ್ದು ಹಡಗುಗಳ ಮೂಲಕ. 1765ರಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾನ್ ಬೈರನ್ ಅತಾಫುವನ್ನು ಕಂಡು ಅದಕ್ಕೆ ತನ್ನ ರಾಜಮನೆತನದ ಹೆಸರಿಟ್ಟ. 1791ರಲ್ಲಿ 'ಬೌಂಟಿ' ಹಡಗಿನ ಬಂಡುಕೋರರನ್ನು ಹುಡುಕುತ್ತ ಎಡ್ವರ್ಡ್ಸ್ ನುಕುನೊನು ಕಡೆ ಬಂದ. 1841ರಲ್ಲಿ ಚಾರ್ಲ್ಸ್ ವಿಲ್ಕ್ಸ್ ನೇತೃತ್ವದ ಅಮೆರಿಕದ ಅನ್ವೇಷಣಾ ಪಡೆಯ ಎರಡು ಹಡಗುಗಳು ಮೂರೂ ದ್ವೀಪಗಳನ್ನು ಮುಟ್ಟಿದವು. ಆ ಪಡೆಯಲ್ಲಿದ್ದ ಭಾಷಾತಜ್ಞ ಹೊರೇಶಿಯೊ ಹೇಲ್ ಪದಗಳನ್ನು ಸಂಗ್ರಹಿಸಿದ. ಜನ ಏನು ಉಟ್ಟಿದ್ದರು ಎಂಬ ವಿವರಗಳೂ ದಾಖಲಾದವು. ಆದರೆ ಬರೆದವರೆಲ್ಲ ಗಂಡಸರು, ಬಂದು ಹೋಗುವವರು. ಉಡುಗೆಯನ್ನು ನೋಡಿದರು, ಅದನ್ನು ನೇಯುವ ಕೈಗಳ ಬಳಿ ಕೂರಲಿಲ್ಲ. ಪೆಸಿಫಿಕ್‌ನ ನೇಯ್ಗೆಗಳು ಪಶ್ಚಿಮದ ಹಳೆಯ ಸಂಗ್ರಹಗಳಿಗೆ ಸೇರಿದಾಗ ತಂದುಕೊಟ್ಟ ಕ್ಯಾಪ್ಟನ್ನನ ಹೆಸರು, ತಾರೀಕು ಕಾರ್ಡಿನ ಮೇಲೆ ಬಂದವು. ನೇಯ್ದವಳ ಹೆಸರಿನ ಜಾಗದಲ್ಲಿ ಬಹಳ ಸಲ ಬರುವ ಮಾತು ಒಂದೇ: 'ತಿಳಿದಿಲ್ಲ'.

ಆಮೇಲೆ ಕ್ರೈಸ್ತ ಪ್ರಚಾರಕರು ಬಂದರು. 19ನೇ ಶತಮಾನದ ನಡುಭಾಗದ ಹೊತ್ತಿಗೆ ಅತಾಫು ಪ್ರಾಟೆಸ್ಟಂಟ್, ನುಕುನೊನು ಕ್ಯಾಥೋಲಿಕ್, ಫಕಾಒಫೊದಲ್ಲಿ ಎರಡೂ. ಕಲ್ಲಿನ ದೇವರ ಪೂಜೆ ನಿಂತಿತು, ಅದರೊಂದಿಗೆ ದೇವರ ಚಾಪೆಯೂ ನಿಂತಿತು. ಮೈ ಮುಚ್ಚುವ ಹತ್ತಿ ಬಟ್ಟೆ ಸಭ್ಯತೆಯ ಗುರುತಾಯಿತು. ಕೊಬ್ಬರಿ ಕೊಟ್ಟು ಬಟ್ಟೆ ಕೊಳ್ಳುವ ವ್ಯಾಪಾರ ಬಂತು. ದಿನನಿತ್ಯದ ಮೈಯಿಂದ ಎಲೆ ಕೆಳಗಿಳಿಯಿತು. ಆದರೆ ನೇಯ್ಗೆ ಸಾಯಲಿಲ್ಲ, ಚಾಪೆ, ಬೀಸಣಿಗೆ, ಟೋಪಿಗಳ ಕಡೆ ಹೊರಳಿತು. ಇವತ್ತಿಗೂ ಭಾನುವಾರದ ಚರ್ಚಿಗೆ ಹಾಕುವ ನೇಯ್ದ ಟೋಪಿಗಳಲ್ಲಿ ಟೊಕೆಲಾವ್‌ನವಕ್ಕೆ ಹೆಸರಿದೆ. ಯಾವ ಧರ್ಮ ಎಲೆಯ ಉಡುಗೆಯನ್ನು ಪಕ್ಕಕ್ಕಿಟ್ಟಿತೋ ಅದೇ ಧರ್ಮದ ಭಾನುವಾರ ಎಲೆಯ ಟೋಪಿಯನ್ನು ಉಳಿಸಿತು. ಇತಿಹಾಸ ಇಂಥ ಅಡ್ಡದಾರಿಗಳಲ್ಲಿಯೇ ನಡೆಯುವುದು.

1863ರ ಕತೆಯನ್ನು ಹೇಳದೆ ಮುಂದೆ ಹೋಗಲಾಗದು. ಆ ವರ್ಷ ಪೆರು ದೇಶದ ಗುಲಾಮರ ವ್ಯಾಪಾರಿಗಳ ಹಡಗುಗಳು ಈ ದ್ವೀಪಗಳಿಗೆ ಬಂದು, ಮೋಸದಿಂದಲೂ ಬಲಾತ್ಕಾರದಿಂದಲೂ ಜನಸಂಖ್ಯೆಯ ಸುಮಾರು ಅರ್ಧದಷ್ಟು ಜನರನ್ನು ಹೊತ್ತೊಯ್ದವು. ಹೆಚ್ಚಿನವರು ದುಡಿಯಬಲ್ಲ ಗಂಡಸರು. ರೋಗದಿಂದ ಬಹುತೇಕ ಎಲ್ಲರೂ ಸತ್ತರು, ಮರಳಿದವರು ಇಲ್ಲವೆನ್ನುವಷ್ಟು ಕಡಿಮೆ. ಹಾಯಿ ಕಟ್ಟಿ ದೂರದ ದಾರಿ ಬಲ್ಲವರು ಹೋದರು. ಕೂತು ನೇಯುವವರು ಉಳಿದರು. ಈ ಎರಡು ವಾಕ್ಯಗಳನ್ನು ಪ್ರಬಂಧದಲ್ಲಿ ಬರೆಯುವುದು ಸುಲಭ. ಆ ವರ್ಷದ ಕೊನೆಯಲ್ಲಿ ಒಂದು ಮನೆಯೊಳಗೆ ಅರ್ಧ ನೇಯ್ದಿಟ್ಟ ಮಾಲೊ ಯಾರ ಸೊಂಟಕ್ಕೂ ಸೇರದೆ ಬಿದ್ದಿರಬಹುದಾದದ್ದನ್ನು ಯೋಚಿಸಿದಾಗ ಪೆನ್ನು ನಿಂತುಬಿಡುತ್ತದೆ.

ಮುಂದಿನದು ಆಡಳಿತದ ಇತಿಹಾಸ. ಬ್ರಿಟಿಷರ ರಕ್ಷಣೆಗೆ ಒಳಪಟ್ಟ ದ್ವೀಪಗಳನ್ನು 1920ರ ದಶಕದಲ್ಲಿ ನ್ಯೂಜಿಲೆಂಡಿನ ಆಡಳಿತಕ್ಕೆ ಒಪ್ಪಿಸಲಾಯಿತು. 1949ರ ಜನವರಿಯಿಂದ ಅವು ನ್ಯೂಜಿಲೆಂಡಿನ ಭಾಗವೇ ಆದವು, ಜನರು ಅಲ್ಲಿನ ಪ್ರಜೆಗಳಾದರು. 1966ರಲ್ಲಿ ಚಂಡಮಾರುತ ತೆಂಗು, ಹಲಸಿನ ಜಾತಿಯ ಮರಗಳನ್ನು ಮುರಿದು ಕೆಡವಿತು. ಅದೇ ವರ್ಷ ಸರ್ಕಾರದ ಪುನರ್ವಸತಿ ಯೋಜನೆ ಶುರುವಾಯಿತು. 1976ರಲ್ಲಿ ಯೋಜನೆ ನಿಂತರೂ ಜನ ಬರುವುದು ನಿಲ್ಲಲಿಲ್ಲ. ವೆಲ್ಲಿಂಗ್ಟನ್ ಸುತ್ತಲಿನ ಪೊರಿರುವಾ, ಹಟ್ ಕಣಿವೆ, ಜೊತೆಗೆ ಆಕ್ಲೆಂಡ್, ರೊಟೊರುವಾ, ಟಾವ್ಪೊಗಳಲ್ಲಿ ಟೊಕೆಲಾವ್ ಬೀದಿಗಳು ಹುಟ್ಟಿಕೊಂಡವು. ಮೀನು ಹಿಡಿಯುತ್ತಿದ್ದವರು ಕಾರ್ಖಾನೆಗೆ ಹೋದರು. ನೇಯುತ್ತಿದ್ದವರಲ್ಲಿ ಅನೇಕರು ರಾತ್ರಿ ಪಾಳಿಯಲ್ಲಿ ಕಚೇರಿಗಳ ನೆಲ ಒರೆಸಿದರು. ಇಯಾನ್ ಪ್ರಯರ್ ಎಂಬ ವೈದ್ಯರ ನೇತೃತ್ವದಲ್ಲಿ 1960ರ ದಶಕದ ಕೊನೆಯಿಂದ ನಡೆದ ದೊಡ್ಡ ಅಧ್ಯಯನವೊಂದು ಈ ವಲಸಿಗರ ರಕ್ತದೊತ್ತಡ, ತೂಕಗಳನ್ನು ವರ್ಷಗಟ್ಟಲೆ ಅಳೆಯಿತು. ವಲಸೆ ಮೈಯನ್ನು ಏನು ಮಾಡುತ್ತದೆ ಎಂಬುದಕ್ಕೆ ಅದು ಜಗತ್ತಿಗೇ ಮುಖ್ಯವಾದ ದಾಖಲೆ. ಅವರ ಪೆಟ್ಟಿಗೆಯಲ್ಲಿ ಏನಿತ್ತು ಎಂದು ನೋಡುವುದು ಆ ಅಧ್ಯಯನದ ಕೆಲಸವಾಗಿರಲಿಲ್ಲ.

ಪೆಟ್ಟಿಗೆಯಲ್ಲಿ ಚಾಪೆಯಿತ್ತು, ಬೀಸಣಿಗೆಯಿತ್ತು, ಹೆಂಗಸರು ಕೊರಳಲ್ಲಿ ಧರಿಸುವ, ಮುತ್ತಿನ ಚಿಪ್ಪಿನಿಂದ ಮಾಡಿದ ಮೀನುಗಾಳವಿತ್ತು. ಕೆಲವರ ಬಳಿ ತಿತಿಯೂ ಇತ್ತು. ಆದರೆ ಚಳಿಯ ಈ ನಾಡಿನಲ್ಲಿ ಕೇದಗೆ ಬೆಳೆಯುವುದಿಲ್ಲ. ಊರಿಂದ ತರಿಸಬೇಕೆಂದರೆ ಎಲೆ ಹಡಗಿನಲ್ಲಿ ಆಪಿಯಾಕ್ಕೆ ಬರಬೇಕು, ಅಲ್ಲಿಂದ ವಿಮಾನ ಹತ್ತಬೇಕು. ನ್ಯೂಜಿಲೆಂಡಿನ ವಿಮಾನ ನಿಲ್ದಾಣದಲ್ಲಿ ಗಿಡಮರಗಳಿಂದ ಮಾಡಿದ್ದೆಲ್ಲವನ್ನೂ ಬಿಚ್ಚಿ ತೋರಿಸಬೇಕು. ಹುಳ, ಬೀಜ, ಮಣ್ಣು ಇಲ್ಲವೆಂದು ಖಾತರಿಯಾದರೆ ಮಾತ್ರ ಒಳಗೆ. ಹಾಗಾಗಿ ಇಲ್ಲಿ ಕೈಗೆ ಸಿಕ್ಕಿದ್ದೆಲ್ಲ ಎಲೆಯಾಯಿತು. ರಾಫಿಯಾ ನಾರು, ಉಲ್ಲನ್ನು, ಪ್ಯಾಕಿಂಗಿಗೆ ಬಳಸುವ ಪ್ಲಾಸ್ಟಿಕ್ ಪಟ್ಟಿ, ಸೀಳಿದ ಪ್ಲಾಸ್ಟಿಕ್ ಚೀಲ. ಮಾವೊರಿಗಳು ನೇಯಲು ಬಳಸುವ ಹರಕೆಕೆ ಎಂಬ ನಾರಿನ ಗಿಡವೂ ಇದೆ.

ನನ್ನ ಪ್ರಬಂಧದ ಮೊದಲ ಕರಡಿನಲ್ಲಿ ನಾನು ಇದನ್ನು 'ಅವನತಿ' ಎಂದು ಕರೆದಿದ್ದೆ. ಎಲೆಯಿಂದ ಬಟ್ಟೆಗೆ, ಬಟ್ಟೆಯಿಂದ ಪ್ಲಾಸ್ಟಿಕ್ಕಿಗೆ ಇಳಿಯುವ ಒಂದು ನೇರ ಗೆರೆ. ಅಧ್ಯಾಯಕ್ಕೆ ಒಳ್ಳೆಯ ಆಕಾರ ಬಂದಿತ್ತು. ಆ ಸಂಜೆ ಆ ಗೆರೆ ತುಂಡಾಯಿತು.

ತಾಲೀಮು ಶುರುವಾದಾಗ ಮಕ್ಕಳೆಲ್ಲ ಪ್ಲಾಸ್ಟಿಕ್ ಪಟ್ಟಿಯ ತಿತಿ ಕಟ್ಟಿಕೊಂಡು ಸಾಲಾಗಿ ನಿಂತರು. ಕುಣಿತದ ಹೆಸರು ಫಾತೆಲೆ. ನಡುವೆ ಒಂದು ಮರದ ಪೆಟ್ಟಿಗೆಯ ಸುತ್ತ ಗಂಡಸರು ಕೂತು ಅಂಗೈಯಿಂದ ಬಡಿಯುತ್ತಾರೆ. ಪಕ್ಕದಲ್ಲಿ ತಗಡಿನ ಡಬ್ಬ. ಒಂದೇ ಹಾಡು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಮೊದಲಿಗಿಂತ ವೇಗವಾಗಿ, ಗಟ್ಟಿಯಾಗಿ. ಇನ್ನು ಸಾಧ್ಯವಿಲ್ಲ ಎನ್ನುವಲ್ಲಿ ತಟಕ್ಕನೆ ನಿಲ್ಲುತ್ತದೆ. ನಾನು ಅಜ್ಜಿಯನ್ನು ಕೇಳಿದೆ: 'ಪ್ಲಾಸ್ಟಿಕ್ ತಿತಿ ನೋಡಿದರೆ ನಿಮಗೆ ಬೇಜಾರಾಗುವುದಿಲ್ಲವೇ?'

ಅವರು ಪೆಟ್ಟಿಗೆಯ ಕಡೆ ಕೈ ತೋರಿಸಿದರು. 'ಅದರ ಹೆಸರೇನು ಗೊತ್ತಾ? ಪೊಕಿಹಿ. ಇಂಗ್ಲಿಷಿನ ಬಾಕ್ಸು. ಹಡಗಿನಲ್ಲಿ ಬಂದ ಪೆಟ್ಟಿಗೆ. ಆ ಡಬ್ಬ ಬಿಸ್ಕತ್ತಿನದು. ಫಾತೆಲೆ ಬಂದದ್ದು ತುವಾಲುವಿನಿಂದ. ನಮ್ಮದಲ್ಲದ್ದನ್ನೆಲ್ಲ ತೆಗೆದರೆ ಈ ಮಕ್ಕಳು ಯಾವುದರ ಮೇಲೆ ಕುಣಿಯಬೇಕು?'

ನಾನು ಸುಮ್ಮನಾದೆ. ಓದಿದ್ದೆ ಇದನ್ನೆಲ್ಲ. ಫಾತೆಲೆ 20ನೇ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಬೇರೂರಿದ್ದು ಎಂದು ನನ್ನದೇ ಅಡಿಟಿಪ್ಪಣಿಯಲ್ಲಿದೆ. ಅಡಿಟಿಪ್ಪಣಿಯಲ್ಲಿದ್ದದ್ದು ಮೇಲಿನ ವಾಕ್ಯಕ್ಕೆ ಹತ್ತಿರಲಿಲ್ಲ ಅಷ್ಟೆ.

ಹಾಗೆಂದು ಅಜ್ಜಿಗೆ ಎಲ್ಲವೂ ಒಂದೇ ಎಂದಲ್ಲ. ಸ್ವಲ್ಪ ಹೊತ್ತಿನ ಬಳಿಕ ತಾವಾಗಿಯೇ ಹೇಳಿದರು: 'ಆದರೆ ಸದ್ದು ಬರುವುದಿಲ್ಲ.' ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಮಡಿಲಿನ ಎಲೆಯ ತಿತಿಯನ್ನು ಎತ್ತಿ ಒಮ್ಮೆ ಜಾಡಿಸಿದರು. ಒಣಗಿದ ಎಳೆಗಳು ಸರ್ರೆಂದವು. ಮಳೆಗೆ ಮುಂಚೆ ತೆಂಗಿನ ತೋಟದಲ್ಲಿ ಗಾಳಿ ಹೊಕ್ಕಾಗಿನ ಸದ್ದು. ಇಪ್ಪತ್ತು ಜನ ಒಟ್ಟಿಗೆ ತಿರುಗಿದಾಗ ಈ ಸದ್ದೂ ತಾಳದ ಒಂದು ಭಾಗ. ಪ್ಲಾಸ್ಟಿಕ್ಕಿಗೆ ಬಣ್ಣವಿದೆ, ಬಾಳಿಕೆಯಿದೆ, ಈ ಸದ್ದು ಇಲ್ಲ. ತಾಲೀಮಿಗೆ ಅದು, ಮುಖ್ಯ ದಿನಕ್ಕೆ ಇದು ಎಂದು ಅವರೇ ಒಂದು ಲೆಕ್ಕ ಮಾಡಿಕೊಂಡಿದ್ದಾರೆ. ಎಲೆಯದ್ದು ನಾಲ್ಕೇ ಇವೆ. ಈಸ್ಟರ್ ರಜೆಯಲ್ಲಿ ಬೇರೆ ಬೇರೆ ಊರುಗಳ ಟೊಕೆಲಾವ್ ಜನ ಆಟಕ್ಕೆ, ಫಾತೆಲೆಗೆ ಸೇರಿದಾಗ ಯಾರ ಸೊಂಟಕ್ಕೆ ಆ ನಾಲ್ಕು ಎಂಬುದು ಸಣ್ಣ ವಿಷಯವಲ್ಲ.

ಆಮೇಲೆ ನಡೆದದ್ದನ್ನು ಬರೆಯುವುದಕ್ಕೇ ಈ ಲೇಖನ. ನಾಲ್ಕರಲ್ಲಿ ಅತಿ ಹಳೆಯದನ್ನು ನನಗೆ ತೋರಿಸಲು ಹಳೆಯ ಬೆಡ್‌ಶೀಟಿನಿಂದ ಬಿಚ್ಚಿದರು. ನಾನು ಅಭ್ಯಾಸಬಲದಿಂದ ನೋಟ್‌ಬುಕ್ಕಿನ ಅಂಕಣಗಳನ್ನು ತುಂಬಿದೆ. ವಸ್ತು: ತಿತಿ. ಸಾಮಗ್ರಿ: ಕೇದಗೆ. ಕಾಲ: 1960ರ ದಶಕ? ಮಾಡಿದವರು: ತಿಳಿದಿಲ್ಲ. ಅಜ್ಜಿಯ ಮೊಮ್ಮಗಳು, ಹದಿನೈದರ ಹುಡುಗಿ, ನನ್ನ ಭುಜದ ಮೇಲಿಂದ ಇಣುಕಿ ಓದುತ್ತಿದ್ದಳು. ಅಂಕಣಗಳ ತಲೆಬರಹ ಇಂಗ್ಲಿಷಿನಲ್ಲಿತ್ತು. 'ಯಾಕೆ ತಿಳಿದಿಲ್ಲ?' ಎಂದು ಕೇಳಿದಳು.

ಅಜ್ಜಿ ಸೊಂಟಪಟ್ಟಿಯ ಒಂದು ತುದಿಯಿಂದ ಶುರುಮಾಡಿದರು. ಇಷ್ಟು ನೇಯ್ದದ್ದು ನನ್ನ ತಾಯಿ. ಇಲ್ಲಿ ಎಳೆ ದಪ್ಪವಾಗಿದೆ ನೋಡು, ಅದು ನನ್ನ ಚಿಕ್ಕಮ್ಮ, ಅವಳಿಗೆ ತಾಳ್ಮೆ ಕಡಿಮೆ. ಇಲ್ಲಿಂದ ಇಲ್ಲಿಯವರೆಗೆ ಹಡಗಿನಲ್ಲಿ ಜೊತೆಗೆ ಬಂದವಳು, ಹಟ್ ಕಣಿವೆಯ ಮನೆಯಲ್ಲಿ ಕೂತು ಸರಿಮಾಡಿದ್ದು. ಈ ಮೂರು ಎಳೆ ರಾಫಿಯಾ, ಅದು ನಾನು, ಎಲೆ ಸಿಗದ ವರ್ಷ. ಅಂಗೈಯಗಲದ ಒಂದೊಂದು ಜಾಗಕ್ಕೂ ಒಂದು ಹೆಸರು, ಒಂದು ಮನೆ, ಒಂದು ಊರು. ಹುಡುಗಿ ಅದನ್ನೆಲ್ಲ ಮೊದಲ ಸಲ ಕೇಳುತ್ತಿದ್ದಳು. ನಾನು ಬರೆದುಕೊಳ್ಳುತ್ತ ಹೋದೆ. ಒಂಬತ್ತು ಹೆಸರುಗಳಾದವು.

'ತಿಳಿದಿಲ್ಲ' ಎಂದು ಬರೆಯುವ ಅಭ್ಯಾಸ ನನಗೆ ಎಲ್ಲಿಂದ ಬಂತು ಎಂದು ಮನೆಗೆ ಹೋಗುವ ರೈಲಿನಲ್ಲಿ ಯೋಚಿಸಿದೆ. ಇನ್ನೂರು ವರ್ಷ ಹಡಗಿನವರು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆ. ಕೇಳಿದ್ದರೆ ಹೇಳುವವರು ಎದುರಿಗೇ ಕೂತಿದ್ದರು.

ಪರಂಪರೆ ಉಳಿಯುತ್ತದೆ ಎಂದು ಬರೆದು ಲೇಖನ ಮುಗಿಸುವುದು ಸುಲಭ, ಆದರೆ ಪೂರ್ತಿ ನಿಜವಲ್ಲ. ಆ ಗುಂಪಿನಲ್ಲಿ ಸಣ್ಣ ಎಳೆಯ ನಯವಾದ ಕಿಯೆ ನೇಯಬಲ್ಲವರು ಇಬ್ಬರೇ, ಇಬ್ಬರಿಗೂ ಎಪ್ಪತ್ತು ದಾಟಿದೆ. ನುಡಿಯೂ ಅಪಾಯದಲ್ಲಿದೆ, ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅದನ್ನು ಆಡುವವರು ಕಡಿಮೆಯಾಗುತ್ತಿದ್ದಾರೆ. ಆ ಕಡೆ ಸಮುದ್ರ ಏರುತ್ತಿದೆ. 2006ರಲ್ಲೂ 2007ರಲ್ಲೂ ಸ್ವಯಮಾಡಳಿತಕ್ಕಾಗಿ ಜನಮತ ನಡೆಯಿತು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಎರಡನೇ ಸಲ 64.4 ಶೇಕಡಾ ಬಂದು ಕೂದಲೆಳೆಯಲ್ಲಿ ತಪ್ಪಿತು. ದ್ವೀಪಗಳಲ್ಲಿ ಇದ್ದವರಿಗೆ ಮಾತ್ರ ಆ ಮತ, ಪೊರಿರುವಾದ ಅಜ್ಜಿಗೆ ಇರಲಿಲ್ಲ. ನಾಡಿನ ಬಗ್ಗೆ ಮತ ಹಾಕುವ ಹಕ್ಕಿಲ್ಲದವರು ನಾಡಿನ ಉಡುಗೆಯನ್ನು ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಕಾಯುತ್ತಿದ್ದಾರೆ.

ಟೊಕೆಲಾವ್‌ನಲ್ಲಿ 'ಇನತಿ' ಎಂಬ ಪದ್ಧತಿಯಿದೆ. ಊರಿಗೆಂದು ಹಿಡಿದ ಮೀನನ್ನು ಎಲ್ಲ ಮನೆಗಳಿಗೂ ತಲೆಲೆಕ್ಕದಲ್ಲಿ ಹಂಚುವುದು. ಸಮುದ್ರಕ್ಕೆ ಹೋದವನಿಗೆ ಹೆಚ್ಚಿಲ್ಲ, ಹೋಗಲಾಗದ ಮುದುಕಿಗೆ ಕಡಿಮೆಯಿಲ್ಲ. ಆ ಸಂಜೆ ನೆಲದ ಮೇಲೆ ನೋಡಿದ್ದು ಅದರದ್ದೇ ಇನ್ನೊಂದು ರೂಪ ಅನ್ನಿಸಿತು. ಒಳ್ಳೆ ಎಲೆ ಯಾರೊಬ್ಬರದೂ ಅಲ್ಲ. ನೇಯಲು ಬರುವವರು ನೇಯ್ದರು, ಬಾರದವರು ಸೀಳಿದರು, ಅದೂ ಬಾರದ ನನ್ನಂಥವರು ಸುರುಳಿ ಬಿಚ್ಚಿ ಕೊಟ್ಟೆವು. ಉಳಿಯಬೇಕಾದದ್ದು ಎಲೆಯೋ ಪ್ಲಾಸ್ಟಿಕ್ಕೋ ಎಂಬ ಪ್ರಶ್ನೆಗಿಂತ ಮುಂಚಿನ ಪ್ರಶ್ನೆ, ಹೀಗೆ ಸುತ್ತ ಕೂರುವವರು ಇರುತ್ತಾರೆಯೇ ಎಂಬುದು. ಎಲೆಯ ಸದ್ದು ಬೇಡವೆಂದಲ್ಲ. ಸದ್ದು ಬೇಕು ಎಂದು ನೆನಪಿಸುವವರು ಬೇಕಾದರೂ ಜನ ಕೂರಬೇಕು.

ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. 'ಅವನತಿ' ಪದ ಹೋಗಿದೆ. ಸಮುದಾಯದ ಒಪ್ಪಿಗೆ ಪಡೆದು, ನೋಡಿದ ಪ್ರತಿ ವಸ್ತುವಿನ ಪಕ್ಕ ನೇಯ್ದವರ, ರಿಪೇರಿ ಮಾಡಿದವರ ಹೆಸರಿನ ಪಟ್ಟಿ ಮಾಡುತ್ತಿದ್ದೇನೆ. ಅದರ ಒಂದು ಪ್ರತಿ ಅವರ ಬಳಿಯೇ ಇರುತ್ತದೆ. ಬರೆಯುವ ಕೆಲಸ ಆ ಹದಿನೈದರ ಹುಡುಗಿಯದು, ನಾನು ಅವಳ ಸಹಾಯಕ.

ಕಳೆದ ವಾರ ಅಮ್ಮನಿಗೆ ಫೋನ್ ಮಾಡಿ, ಅಟ್ಟದ ಮೇಲಿದ್ದ ಮುಂಡೇವಿನ ಹಳೆಯ ಚಾಪೆ ಇದೆಯೇ ಎಂದು ಕೇಳಿದೆ. ಇದೆಯಂತೆ, ಒಂದು ಅಂಚು ಇಲಿ ತಿಂದಿದೆಯಂತೆ. 'ಯಾರು ನೇಯ್ದದ್ದಮ್ಮ ಅದು?' ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರೋ ತಂದುಕೊಡುತ್ತಿದ್ದರಪ್ಪ, ಆಚೆ ಗುಡ್ಡದ ಕಡೆಯವರು, ಹೆಸರು ಗೊತ್ತಿಲ್ಲ' ಎಂದರು. ಆಮೇಲೆ ಅವರೇ ಹೇಳಿದರು: 'ದೊಡ್ಡಮ್ಮನಿಗೆ ಗೊತ್ತಿರಬಹುದು. ನಾಳೆ ಕೇಳುತ್ತೇನೆ.'